ಎಡಗಾಲಿನ ಉದ್ಯೋಗ

ನಮ್ಮಲ್ಲಿ ಎಡಗಾಲಿಗೆ ಒಳ್ಳೆಯ ಹೆಸರಿಲ್ಲ. ಹೊಸ ಸೊಸೆ ಹೊಸ್ತಿಲ ಮೇಲಿನ ಅಕ್ಕಿಯ ಸೇರನ್ನು ಬಲಗಾಲಿನಿಂದಲೇ ಒದೆಯಬೇಕು. ಗೃಹಪ್ರವೇಶಕ್ಕೆ ಬಲಗಾಲು ಮುಂದು. ಇಂಟರ್‌ವ್ಯೂಗೆ ಹೊರಟ ಮೊಮ್ಮಗನಿಗೂ ಅಜ್ಜಿ ಬಾಗಿಲಲ್ಲಿ ನಿಂತು "ಬಲಗಾಲಿಟ್ಟು ಹೋಗಪ್ಪಾ" ಎನ್ನುತ್ತಾರೆ. ಎಡಗಾಲಿಗೆಂದೇ ಮೀಸಲಾದ ಶುಭಕಾರ್ಯ ಒಂದಾದರೂ ಇದ್ದರೆ ನನಗೆ ಯಾರೂ ಹೇಳಿಲ್ಲ. ಬಲಗಾಲು ಹೋದಲ್ಲಿಗೆ ಹಿಂದಿನಿಂದ ಹೋಗಿ ಸೇರಿಕೊಳ್ಳುವುದೇ ಅದರ ಬಾಳು. ಇಂಥ ಕಾಲಿಗೆ ಒಂದು ಸ್ವತಂತ್ರ ಖಾತೆ ಕೊಟ್ಟದ್ದು ಮೋಟಾರು ಕಾರು. ಬಲಗಾಲಿಗೆ ಬ್ರೇಕು, ಆಕ್ಸಿಲರೇಟರು ಎರಡನ್ನೂ ವಹಿಸಿ ಅತ್ತಿಂದಿತ್ತ ಓಡಾಡಿಸಿತು. ಎಡಗಾಲಿಗೆ ಮಾತ್ರ ಕ್ಲಚ್ಚನ್ನು ಪೂರ್ತಿಯಾಗಿ ಬರೆದುಕೊಟ್ಟಿತು.

ಈಗ ಆಟೋಮ್ಯಾಟಿಕ್ ಗಾಡಿಗಳು ಬಂದು ಆ ಖಾತೆಯನ್ನೇ ರದ್ದು ಮಾಡಿವೆ. ಕ್ಲಚ್ ಇರಬೇಕಾದ ಕಡೆ ರಬ್ಬರು ಹೊದಿಸಿದ ಒಂದು ಮೆಟ್ಟು ಇರುತ್ತದೆ. ಎಷ್ಟು ಒತ್ತಿದರೂ ಏನೂ ಆಗುವುದಿಲ್ಲ. ಸುಮ್ಮನೆ ಕಾಲಿಟ್ಟುಕೊಂಡು ಕೂರುವುದಕ್ಕೆ. ಆದರೆ ವರ್ಷಗಟ್ಟಲೆ ದುಡಿದ ಕಾಲು ಒಂದೇ ದಿನಕ್ಕೆ ಸುಮ್ಮನಾಗುತ್ತದೆಯೇ? ನನ್ನ ನಾದಿನಿ ಹೊಸ ಆಟೋಮ್ಯಾಟಿಕ್ ಕೊಂಡ ವಾರದಲ್ಲೇ ನಮ್ಮನ್ನೆಲ್ಲ ಕೂರಿಸಿಕೊಂಡು ಇಂದಿರಾನಗರದ ನೂರಡಿ ರಸ್ತೆಗೆ ಹೊರಟಳು. ಮುಂದೆ ಒಂದು ಆಟೋ ನಿಂತಿತು. ಅವಳ ಎಡಗಾಲು ಅಭ್ಯಾಸಬಲದಿಂದ ಕ್ಲಚ್ ಹುಡುಕಿ, ಸಿಕ್ಕ ಪೆಡಲನ್ನು ತಳಮುಟ್ಟ ಒತ್ತಿಬಿಟ್ಟಿತು. ಅದು ಬ್ರೇಕು. ಹಿಂದಿನ ಸೀಟಿನಲ್ಲಿ ಅತ್ತೆಯವರ ತೊಡೆಯ ಮೇಲಿದ್ದ ಎರಡು ಕೆ.ಜಿ. ಅವರೆಕಾಯಿ ಹೋಗಿ ಡ್ಯಾಶ್‌ಬೋರ್ಡಿನ ಮೇಲಿದ್ದ ಗಣಪತಿಯ ಮುಂದೆ ಸುರಿಯಿತು. ಅತ್ತೆಯವರು ಏನೂ ಅನ್ನಲಿಲ್ಲ. ಹಲಸೂರು ಕೆರೆ ಬರುವವರೆಗೂ ಕಾಯಿ ಹೆಕ್ಕುತ್ತಲೇ ಇದ್ದರು.

ಈ ವಿಷಯವನ್ನು ಪಾರ್ಕಿನಲ್ಲಿ ಎತ್ತಬಾರದು. ಬೆಳಗಿನ ವಾಕಿಂಗ್ ಮುಗಿಸಿ ಬೈಟು ಕಾಫಿಗೆ ನಿಂತ ಹಿರಿಯರ ಮುಂದೆ ಎತ್ತಿದರೆ ಕಾಫಿ ಆರಿಹೋಗುತ್ತದೆ. ದೂರವಾಣಿನಗರದ ಐ.ಟಿ.ಐ.ನಲ್ಲಿ ಟೆಲಿಫೋನು ಜೋಡಿಸಿ ನಿವೃತ್ತರಾದವರೊಬ್ಬರು ಮ್ಯಾನ್ಯುಯಲ್ ಪಕ್ಷದ ನಾಯಕರು. "ಗೇರ್ ಇಲ್ಲದ ಗಾಡಿ ಓಡಿಸೋದು ಓಡಿಸೋದಲ್ಲ ಕಣ್ರೀ, ಕೂತ್ಕೊಂಡು ಹೋಗೋದು" ಎನ್ನುವುದು ಅವರ ಸಿದ್ಧಾಂತ. ಎಚ್.ಎ.ಎಲ್.ನವರೊಬ್ಬರು ಎದುರು ಪಕ್ಷ: "ವಿಮಾನಾನೇ ಆಟೋಪೈಲಟ್‌ನಲ್ಲಿ ಹೋಗುತ್ತೆ ಸ್ವಾಮಿ, ನಿಮ್ಮ ಆಲ್ಟೋದು ಏನು ಹೆಚ್ಚುಗಾರಿಕೆ?" ಆಮೇಲೆ ಮೈಲೇಜು ಬರುತ್ತದೆ, ರಿಪೇರಿ ಖರ್ಚು ಬರುತ್ತದೆ, ಕೊನೆಗೆ ಆಗುಂಬೆ ಬರುತ್ತದೆ. "ಘಾಟಿಯಲ್ಲಿ ಏನ್ಮಾಡ್ತೀರಿ? ಸೆಕೆಂಡಿಗೆ ಇಳಿಸ್ಬೇಕಾದ್ರೆ ಏನ್ಮಾಡ್ತೀರಿ?" ಬೆಂಗಳೂರಿನ ಮ್ಯಾನ್ಯುಯಲ್ ಪಕ್ಷದವರು ವಾದಕ್ಕೆ ನಿಂತಾಗಲೆಲ್ಲ ಘಾಟಿ ಹತ್ತುತ್ತಾರೆ, ಅವರ ಗಾಡಿ ಮಾತ್ರ ದೊಮ್ಮಲೂರು ದಾಟಿರುವುದಿಲ್ಲ.

ನಮ್ಮ ಮನೆಯವರೂ ಅದೇ ಪಕ್ಷ. "ಮ್ಯಾನ್ಯುಯಲ್‌ನಲ್ಲಿ ಒಂದು ಕಂಟ್ರೋಲ್ ಇರುತ್ತೆ" ಎನ್ನುತ್ತಾರೆ. ಇರಬಹುದು. ಆದರೆ ಟಿನ್ ಫ್ಯಾಕ್ಟರಿಯ ಮುಂದೆ, ಎಡಕ್ಕೊಂದು 500ಡಿ ಬಸ್ಸು, ಬಲಕ್ಕೊಂದು ಸಿಮೆಂಟ್ ಮಿಕ್ಸರು, ಎದುರಿಗೆ ಮೆಟ್ರೊ ಕಂಬ ಇರುವಾಗ ಯಾವುದರ ಕಂಟ್ರೋಲು, ಯಾರ ಮೇಲೆ ಎಂದು ನಾನು ಕೇಳಿದ್ದೇನೆ. ಅದಕ್ಕೆ ಅವರು ಗೇರ್ ಬದಲಾಯಿಸಿದ್ದೇ ಉತ್ತರ, ಫಸ್ಟಿಂದ ನ್ಯೂಟ್ರಲ್ಲಿಗೆ.

ಗೇರು ಎಂದರೆ ಕಷ್ಟಪಟ್ಟು ಒಲಿಸಿಕೊಳ್ಳಬೇಕಾದ ವಸ್ತು ಎಂಬ ಭಾವನೆ ಆ ತಲೆಮಾರಿಗೆ ಬಂದದ್ದರಲ್ಲಿ ಅವರ ತಪ್ಪೇನಿಲ್ಲ. ಅವರು ಕಲಿತ ಕಾಲದ ಅಂಬಾಸಡರ್, ಫಿಯೆಟ್‌ಗಳಲ್ಲಿ ಗೇರ್ ಕಡ್ಡಿ ಸ್ಟೀರಿಂಗಿನ ಪಕ್ಕದಲ್ಲೇ ಇರುತ್ತಿತ್ತು. ನೆಲದ ಮೇಲೆ ಏನೂ ಇಲ್ಲದ್ದರಿಂದ ಮುಂದಿನ ಉದ್ದ ಸೀಟಿನಲ್ಲಿ ಡ್ರೈವರನ ಜೊತೆ ಇಬ್ಬರು, ಇಬ್ಬರ ತೊಡೆಯ ಮೇಲೆ ಇನ್ನಿಬ್ಬರು. ಕೈಯಿಂದ ಗೇರ್‌ಬಾಕ್ಸಿನವರೆಗೆ ಆಜ್ಞೆ ತಲುಪಬೇಕಾದರೆ ನಡುವೆ ಹಲವು ಸರಳು, ಕೀಲುಗಳನ್ನು ದಾಟಬೇಕು. ಕೀಲು ಸವೆದ ಗಾಡಿಯಲ್ಲಿ ಗೇರು ಎರಡರ ನಡುವೆ ಎಲ್ಲೋ ಸಿಕ್ಕಿಕೊಂಡು ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಹಲಸೂರಿನ ಸೋಮೇಶ್ವರ ದೇವಸ್ಥಾನದ ಬೀದಿಯಲ್ಲಿ ನಾನು ಚಿಕ್ಕಂದಿನಲ್ಲಿ ಕಂಡ ಒಂದು ನೋಟ: ಬಿಳಿ ಪಂಚೆಯ ಯಜಮಾನರು ನಡುರಸ್ತೆಯಲ್ಲಿ ಫಿಯೆಟ್ ನಿಲ್ಲಿಸಿ, ಇಳಿದು, ಪಂಚೆ ಎತ್ತಿಕಟ್ಟಿ, ಬಾನೆಟ್ ತೆಗೆದು, ಒಳಗೆ ಕೈಹಾಕಿ ಸರಳನ್ನು ಎಳೆದು ಬಿಡಿಸಿ, ಕೈಗೆ ಹತ್ತಿದ ಗ್ರೀಸನ್ನು ಹಳೇ ಬನಿಯನ್ ತುಂಡಿಗೆ ಒರೆಸಿ, ಮತ್ತೆ ಒಳಗೆ ಕೂತು, ಏನೂ ಆಗದವರಂತೆ ಸೆಕೆಂಡ್ ಹಾಕಿಕೊಂಡು ಹೋದರು. ಹಿಂದೆ ನಿಂತ ಎತ್ತಿನಗಾಡಿಯವನೂ ಹಾರ್ನ್ ಹೊಡೆಯಲಿಲ್ಲ. ಅವನಲ್ಲಿ ಹಾರ್ನ್ ಇರಲಿಲ್ಲ ಎನ್ನುವುದು ಬೇರೆ ಮಾತು.

ಬಿ.ಟಿ.ಎಸ್. ಬಸ್ಸುಗಳದ್ದು ಇನ್ನೊಂದು ಮಹಿಮೆ. ಶಿವಾಜಿನಗರದ ಬಸ್ ನಿಲ್ದಾಣದಲ್ಲಿ ಮುಂಬಾಗಿಲಿಂದ ಹತ್ತಿದ ಹೆಂಗಸರಿಗೆ ಸೀಟು ಸಿಗದಿದ್ದರೆ ಎಂಜಿನ್ ಮುಚ್ಚಳದ ಪಕ್ಕವೇ ಗತಿ. ಬಿಸಿ. ಅದರ ಪಕ್ಕದಿಂದ ಎದ್ದ ಮಾರುದ್ದದ ಗೇರ್ ರಾಡು, ತುದಿಯಲ್ಲಿ ಗುಂಡು, ಗುಂಡಿಗೆ ಸುತ್ತಿದ ಬಟ್ಟೆ. ಬಸ್ಸು ನಿಂತಿದ್ದರೂ ರಾಡು ನಡುಗುತ್ತಲೇ ಇರುತ್ತಿತ್ತು. ಡ್ರೈವರ್ ಅದನ್ನು ಥರ್ಡಿಗೆ ತಳ್ಳುವಾಗ ಪೂರ್ತಿ ಮೈ ಮುಂದಕ್ಕೆ ಬಾಗುತ್ತಿತ್ತು. ನಾವು ಮೊಣಕಾಲು ಸರಿಸಿ ದಾರಿ ಬಿಡಬೇಕಿತ್ತು. ಯಾವ ಸ್ಟಾಪಿನಲ್ಲಿ ಎಷ್ಟು ಸರಿಯಬೇಕು ಎಂಬುದು ದಿನಾ ಹೋಗುವವರಿಗೆ ಗೊತ್ತಿತ್ತು. ಆ ಅರ್ಥದಲ್ಲಿ ಗೇರ್ ಬದಲಾಯಿಸುವುದರಲ್ಲಿ ಪ್ರಯಾಣಿಕರ ಪಾಲೂ ಇತ್ತು.

ಆಟೋಮ್ಯಾಟಿಕ್ ಅನ್ನುವುದು ನಿನ್ನೆ ಮೊನ್ನೆಯ ಹುನ್ನಾರ ಎಂದುಕೊಂಡವರು ಬಹಳ. ಅಮೆರಿಕದ ಜನರಲ್ ಮೋಟರ್ಸ್‌ನವರು 1939ರಲ್ಲೇ ಹೈಡ್ರಾಮ್ಯಾಟಿಕ್ ಎಂಬ ಗೇರ್‌ಬಾಕ್ಸನ್ನು ಓಲ್ಡ್ಸ್‌ಮೊಬೈಲ್ ಕಾರಿಗೆ ಹಾಕಿ ಮಾರಿದ್ದರು. ತತ್ವ ಸರಳ. ಎರಡು ಟೇಬಲ್ ಫ್ಯಾನುಗಳನ್ನು ಎದುರುಬದುರು ಇಟ್ಟು ಒಂದಕ್ಕೆ ಸ್ವಿಚ್ ಹಾಕಿದರೆ ಇನ್ನೊಂದು ಆ ಗಾಳಿಗೇ ತಿರುಗತೊಡಗುತ್ತದಲ್ಲ, ಹಾಗೆಯೇ. ಗಾಳಿಯ ಬದಲು ಎಣ್ಣೆ. ಎಂಜಿನ್ನಿಗೂ ಚಕ್ರಕ್ಕೂ ನಡುವೆ ಎಣ್ಣೆ ನಿಂತು ಸಂಧಾನ ಮಾಡುವುದರಿಂದ ಕ್ಲಚ್ ಪೆಡಲು ಬೇಡ. ಹಾಲೆಂಡಿನ ಡಾಫ್ ಕಂಪನಿ 1958ರಲ್ಲಿ ಇನ್ನೊಂದು ದಾರಿ ಹಿಡಿಯಿತು. ಗೇರುಗಳೇ ಇಲ್ಲ, ಹಿಗ್ಗುವ ಕುಗ್ಗುವ ಪುಲ್ಲಿಗಳ ನಡುವೆ ಒಂದು ಬೆಲ್ಟು, ಅಷ್ಟೇ. ಆ ಕಾರಿನ ಗುಣವೋ ದೋಷವೋ, ಮುಂದಕ್ಕೆ ಎಷ್ಟು ಜೋರಾಗಿ ಹೋಗುತ್ತಿತ್ತೋ ಹಿಂದಕ್ಕೂ ಅಷ್ಟೇ ಜೋರಾಗಿ ಹೋಗುತ್ತಿತ್ತು. ಡಚ್ಚರು ಅದರಲ್ಲಿ ಹಿಮ್ಮುಖ ರೇಸ್ ನಡೆಸಿ ಸಂತೋಷಪಟ್ಟರು. ನಮ್ಮ ಕಮರ್ಷಿಯಲ್ ಸ್ಟ್ರೀಟಿನಲ್ಲಿ ಪಾರ್ಕಿಂಗ್ ಹುಡುಕುವವರಿಗೆ ಆ ಕಾರು ದಕ್ಕಬೇಕಿತ್ತು.

ನಮ್ಮಲ್ಲಿ ಆ ಬೆಲ್ಟು ಬಂದದ್ದು ಕಾರಿಗಲ್ಲ, ಸ್ಕೂಟರಿಗೆ. 1984ರಲ್ಲಿ ಕೈನೆಟಿಕ್ ಹೋಂಡಾ ಕಂಪನಿ ಹುಟ್ಟಿತು, ಹಿಂದೆಯೇ ಅದರ ಸ್ಕೂಟರು ಬಂತು. ಅದಕ್ಕೆ ಮುಂಚೆ ಸ್ಕೂಟರೆಂದರೆ ಎಡಗೈಯಲ್ಲಿ ಕ್ಲಚ್ ಹಿಡಿದು, ಅದೇ ಕೈ ತಿರುಚಿ ಗೇರು ಹಾಕಿ, ಕಿಕ್ಕರ್ ಹೊಡೆದು, ಹೊರಡದಿದ್ದರೆ ಎಡಕ್ಕೆ ಬಾಗಿಸಿ, ಮತ್ತೆ ಕಿಕ್ಕರ್ ಹೊಡೆದು ಆಗುವ ಪುರುಷಪ್ರಯತ್ನ. ಕೈನೆಟಿಕ್ ಬಂದ ಮೇಲೆ ಗುಂಡಿ ಒತ್ತಿದರೆ ಹೊರಡುತ್ತಿತ್ತು. ಸೀರೆ ಉಟ್ಟ ಟೀಚರುಗಳು, ಬ್ಯಾಂಕಿನ ಹೆಂಗಸರು ಯಾರನ್ನೂ ಕೇಳದೆ ಕೆಲಸಕ್ಕೆ ಹೋಗತೊಡಗಿದರು. 2001ರಲ್ಲಿ ಆಕ್ಟಿವಾ ಬಂದ ಮೇಲಂತೂ ಗಂಡಸರೂ ಅದನ್ನೇ ಏರಿದರು. ಇವತ್ತು ಬೆಂಗಳೂರಿನಲ್ಲಿ ಚೇತಕ್ಕಿನ ಕೈಗೇರು ಹೋಯಿತಲ್ಲ ಎಂದು ಕಣ್ಣೀರು ಹಾಕುವವರನ್ನು ನಾನು ಕಂಡಿಲ್ಲ. ಎರಡು ಚಕ್ರದಲ್ಲಿ ಸದ್ದಿಲ್ಲದೆ ತೀರ್ಮಾನವಾದ ಮೊಕದ್ದಮೆ ನಾಲ್ಕು ಚಕ್ರದಲ್ಲಿ ಇನ್ನೂ ಯಾಕೆ ನಡೆಯುತ್ತಿದೆ ಎಂದು ಕೇಳಿದರೆ, ಐ.ಟಿ.ಐ. ಹಿರಿಯರು ತಮ್ಮ ಹಳೆಯ ಜಾವಾ ಬೈಕಿನ ಕತೆ ತೆಗೆಯುತ್ತಾರೆ. ತೆಗೆಯಲಿ, ಅದೂ ನನ್ನ ಕಡೆಯ ಸಾಕ್ಷಿಯೇ. 1961ರಿಂದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಆ ಬೈಕಿನಲ್ಲಿ ಗೇರಿನ ಲಿವರನ್ನು ಕಾಲಲ್ಲಿ ಒತ್ತಿದರೆ ಕ್ಲಚ್ಚು ತಾನಾಗಿ ಬಿಡುತ್ತಿತ್ತು. ಓಡುವಾಗ ಗೇರ್ ಬದಲಾಯಿಸಲು ಕೈಯ ಕ್ಲಚ್ ಹಿಡಿಯಲೇಬೇಕೆಂದಿರಲಿಲ್ಲ. ಅದೇ ಲಿವರನ್ನು ಒಳಕ್ಕೆ ತಳ್ಳಿ ಮೇಲೆ ತಿರುಗಿಸಿದರೆ ಕಿಕ್ಕರು. ಗಂಡಸುತನದ ಸದ್ದು ಮಾಡುತ್ತಿದ್ದ ಬೈಕು ಅರೆ ಆಟೋಮ್ಯಾಟಿಕ್ ಆಗಿತ್ತು ಎಂದು ಹಿರಿಯರಿಗೆ ಹೇಳಿದೆ. "ಅದು ಬೇರೆ" ಎಂದರು.

ಸರ್ಕಾರದ ಲೆಕ್ಕಾಚಾರ ಇನ್ನೂ ಸೊಗಸು. 1988ರ ಮೋಟಾರು ವಾಹನ ಕಾಯಿದೆ ದ್ವಿಚಕ್ರಕ್ಕೆ ಮಾತ್ರ ಗೇರಿರುವುದು, ಗೇರಿಲ್ಲದ್ದು ಎಂದು ಎರಡು ಪಂಗಡ ಮಾಡಿತು. ಕಾರಿಗೆ ಆ ಭೇದವಿಲ್ಲ. ಎಲ್ಲವೂ ಲಘು ಮೋಟಾರು ವಾಹನ. ಬ್ರಿಟನ್ನಿನಲ್ಲಿ ಆಟೋಮ್ಯಾಟಿಕ್ ಕಾರಿನಲ್ಲಿ ಟೆಸ್ಟ್ ಕೊಟ್ಟವರು ಆಟೋಮ್ಯಾಟಿಕ್ ಮಾತ್ರ ಓಡಿಸಬೇಕು, ಗೇರಿನ ಗಾಡಿ ಮುಟ್ಟುವಂತಿಲ್ಲ. ನಮ್ಮಲ್ಲಿ ಹಾಗಲ್ಲ. ಆಟೋಮ್ಯಾಟಿಕ್‌ನಲ್ಲೇ ಕಲಿತು ಲೈಸೆನ್ಸ್ ಪಡೆದ ಹುಡುಗಿ ಮಾರನೇ ದಿನವೇ ತಾತನ ಅಂಬಾಸಡರ್ ತೆಗೆದುಕೊಂಡು ಹೊರಟರೂ ಕಾನೂನು ಅಡ್ಡ ಬರುವುದಿಲ್ಲ. ಅಂಬಾಸಡರ್ರೇ ಅಡ್ಡ ಬರುತ್ತದೆ.

ಹಾಗೆ ನೋಡಿದರೆ ನಾವೆಲ್ಲ ಕಲಿತದ್ದೂ ಆಟೋಮ್ಯಾಟಿಕ್‌ನಲ್ಲೇ. ಡ್ರೈವಿಂಗ್ ಸ್ಕೂಲಿನ ಮಾರುತಿ 800ರಲ್ಲಿ ಪಕ್ಕದ ಸೀಟಿನ ಗುರುಗಳ ಕಾಲ ಕೆಳಗೂ ಒಂದು ಕ್ಲಚ್ಚು, ಒಂದು ಬ್ರೇಕು ಇರುತ್ತದೆ. "ನಿಧಾನ ಬಿಡಿ ಮೇಡಂ, ನಿಧಾನ, ನಿಧಾನ" ಎಂದು ಬಾಯಲ್ಲಿ ಹೇಳುತ್ತಾ ಕಾಲಲ್ಲಿ ಅವರೇ ನಿಧಾನ ಬಿಡುತ್ತಿರುತ್ತಾರೆ. ಗಾಡಿ ಹೂವಿನಷ್ಟು ಮೆತ್ತಗೆ ಹೊರಡುತ್ತದೆ. ನಮಗೆ ನಮ್ಮ ಕಾಲಿನ ಮೇಲೆ ಅಭಿಮಾನ ಉಕ್ಕುತ್ತದೆ. ಸಿ.ಎಂ.ಎಚ್. ರಸ್ತೆಯಲ್ಲಿ ಅವರ ಒಂದು ಕೈ ಕಿಟಕಿಯ ಹೊರಗೆ, ಇನ್ನೊಂದರಲ್ಲಿ ಫೋನು. ಆದರೂ ಗಾಡಿ ಆಫ್ ಆಗುವುದಿಲ್ಲ. ಕೋರ್ಸು ಮುಗಿದು ಸ್ವಂತ ಗಾಡಿಯಲ್ಲಿ ಕೂತ ದಿನವೇ ಗೊತ್ತಾಗುವುದು, ಇಷ್ಟು ದಿನ ಓಡಿಸಿದವರು ಯಾರೆಂದು.

ಸ್ವಂತ ಗಾಡಿ ಎಂದರೆ ಮೊದಲು ಪೂಜೆ. ಕಸ್ತೂರ್ಬಾ ರಸ್ತೆಯಲ್ಲಿ ಟ್ರಾಫಿಕ್ ಗಣೇಶನ ಗುಡಿ ಇದೆ. ಹೊಸ ಗಾಡಿಗಳು ಅಲ್ಲಿ ಹಾರ ಹಾಕಿಕೊಂಡು ಸಾಲಾಗಿ ನಿಲ್ಲುತ್ತವೆ. ಅರ್ಚಕರು ಬಾನೆಟ್ಟಿಗೆ ಅರಿಸಿನ ಕುಂಕುಮದಲ್ಲಿ ಸ್ವಸ್ತಿಕ ಬರೆದು, ಮಂಗಳಾರತಿ ಮಾಡಿ, ನಾಲ್ಕು ಚಕ್ರಕ್ಕೂ ಒಂದೊಂದು ನಿಂಬೆಹಣ್ಣು ಇಟ್ಟು "ಹ್ಞೂ, ಮುಂದಕ್ಕೆ ತೊಗೊಳಿ" ಎನ್ನುತ್ತಾರೆ. ಆರ್.ಟಿ.ಒ. ಟೆಸ್ಟಿಗಿಂತ ಕಠಿಣವಾದ ಪರೀಕ್ಷೆ ಇದು. ಹಣ್ಣು ಚೂರು ಅಡ್ಡ ಕೊಡುತ್ತದೆ, ಕ್ಲಚ್ಚು ಹೊಸದು, ಎಲ್ಲಿ ಹಿಡಿಯುತ್ತದೋ ಗೊತ್ತಿಲ್ಲ, ಹೆಂಡತಿ ಮಕ್ಕಳು ಬೀಗರು ಸುತ್ತ ನಿಂತು ಮೊಬೈಲಿನಲ್ಲಿ ವಿಡಿಯೋ ಮಾಡುತ್ತಿದ್ದಾರೆ. ಇಲ್ಲಿ ಆಫ್ ಆದರೆ ಅಪಶಕುನ. ಬುಸಕ್ಕನೆ ಮುಂದೆ ಹೋದರೆ ಮುಂದಿನವರ ಹೊಸ ಗಾಡಿ. ಆಟೋಮ್ಯಾಟಿಕ್‌ನವರಿಗೆ ಈ ಸಂಕಟವೇ ಇಲ್ಲ. ಡಿ ಗೆ ಹಾಕಿ ಬ್ರೇಕಿನಿಂದ ಕಾಲು ತೆಗೆದರೆ ಗಾಡಿ ತಾನೇ ತೆವಳಿಕೊಂಡು ಹೋಗಿ ನಾಲ್ಕೂ ಹಣ್ಣು ಹಿಂಡಿ ನಿಲ್ಲುತ್ತದೆ. ಅರ್ಚಕರ ದಕ್ಷಿಣೆ ಮಾತ್ರ ಎರಡಕ್ಕೂ ಒಂದೇ.

ಇಷ್ಟು ಹೇಳಿದೆನೆಂದು ನಾನು ಗೇರಿನ ವಿರೋಧಿ ಎಂದುಕೊಳ್ಳಬೇಡಿ. ನನ್ನದೂ ಗೇರಿನ ಗಾಡಿಯೇ, ಅದರ ರುಚಿ ನನಗೂ ಗೊತ್ತು. ಭಾನುವಾರ ಬೆಳಗ್ಗೆ ಎಂ.ಜಿ. ರಸ್ತೆ ಖಾಲಿ ಇರುವಾಗ ಟ್ರಿನಿಟಿ ಚರ್ಚು ದಾಟಿ ಹಲಸೂರಿನ ಕಡೆ ಇಳಿಯಬೇಕು. ಥರ್ಡಿನಿಂದ ಸೆಕೆಂಡಿಗೆ ಇಳಿಸಿ ಕ್ಲಚ್ ಬಿಟ್ಟರೆ ಎಂಜಿನ್ನು ಒಂದು ಸಲ ಗೊಣಗಿ ಗಾಡಿಯನ್ನು ಹಿಂದಿನಿಂದ ಹಿಡಿದುಕೊಳ್ಳುತ್ತದೆ. ಬ್ರೇಕ್ ಮುಟ್ಟದೆ ಇಳಿಜಾರು ಮುಗಿಯುತ್ತದೆ. ಹಳೆ ಮದ್ರಾಸು ರಸ್ತೆಯಲ್ಲಿ ಹೊಸಕೋಟೆ ಕಡೆ ಹೊರಟಾಗ ಥರ್ಡ್ ಸಾಕು ಎಂದು ಸೀಟಿನ ಕೆಳಗಿನ ನಡುಕವೇ ಹೇಳುತ್ತದೆ. ಕಣ್ಣು ರಸ್ತೆಯ ಮೇಲಿದ್ದ ಹಾಗೇ ಕೈ ಹೋಗಿ ಫೋರ್ತ್ ಹಾಕಿ ಬರುತ್ತದೆ, ಎಂಜಿನ್ನಿನ ದನಿ ಒಂದು ಮೆಟ್ಟಿಲು ಇಳಿಯುತ್ತದೆ. ಇನ್ನು ಕ್ಲಚ್ ಹಿಡಿಯುವ ಜಾಗ. ಪೆಡಲು ಮೇಲೆ ಬರುತ್ತಾ ಬರುತ್ತಾ ಒಂದು ಕಡೆ ಬಾನೆಟ್ಟಿನ ಮೂಗು ಕೂದಲೆಳೆಯಷ್ಟು ಎದ್ದು, ಗಾಡಿ ಉಸಿರು ಹಿಡಿಯುತ್ತದೆ. ಅಲ್ಲಿ ಕಾಲು ನಿಲ್ಲಿಸಲು ಬಂದವರಿಗೆ ಗಾಡಿ ಬಂದ ಹಾಗೆ. ಆ ಜಾಗ ಒಂದೊಂದು ಗಾಡಿಗೆ ಒಂದೊಂದು ಕಡೆ. ನಮ್ಮ ಮನೆಯವರ ಗಾಡಿಯಲ್ಲಿ ತೀರಾ ಮೇಲೆ, ನನ್ನದರಲ್ಲಿ ನಡುವೆ. ಅವರ ಗಾಡಿ ನಾನು ತೆಗೆದರೆ ಎರಡು ಬೀದಿಯವರೆಗೂ ಜಗಳ.

ಬಿಡದಿಯಲ್ಲಿ ಟೊಯೊಟಾ ಕಿರ್ಲೋಸ್ಕರ್ ಆಟೋ ಪಾರ್ಟ್ಸ್‌ನವರು ಮ್ಯಾನ್ಯುಯಲ್ ಗೇರ್‌ಬಾಕ್ಸ್ ಮಾಡಿ ಹೊರದೇಶಗಳಿಗೂ ಕಳಿಸಿದ್ದಾರೆ. ಅದೇ ಬೆಂಗಳೂರಿನ ಇನ್ನೊಂದು ಅಂಚಿನ ಬೊಮ್ಮಸಂದ್ರದಿಂದ 2001ರಲ್ಲಿ ರೇವಾ ಬಂತು. ಚೇತನ್ ಮೈನಿಯವರ ಆ ಪುಟ್ಟ ವಿದ್ಯುತ್ ಕಾರಿನಲ್ಲಿ ಕ್ಲಚ್ಚೂ ಇಲ್ಲ, ಗೇರ್ ಬದಲಾವಣೆಯೂ ಇಲ್ಲ, ಸದ್ದೂ ಇಲ್ಲ. ಲಂಡನ್ನಿನಲ್ಲಿ ಅದನ್ನು ಜಿ-ವಿಜ್ ಎಂದು ಕರೆದು ಕೊಂಡರು. ಇಂದಿರಾನಗರದ ಒಳರಸ್ತೆಗಳಲ್ಲಿ ಅದು ಪಕ್ಕದಲ್ಲೇ ಬಂದು ನಿಂತರೂ ಗೊತ್ತಾಗುತ್ತಿರಲಿಲ್ಲ. ನಾವೆಲ್ಲ ಅದನ್ನು ಆಟಿಕೆ ಎಂದು ನಕ್ಕೆವು. ಈಗ ಬರುವ ವಿದ್ಯುತ್ ಕಾರುಗಳೆಲ್ಲ ಎರಡೇ ಪೆಡಲಿನವು, ನಗುತ್ತಿರುವವರು ಯಾರೋ.

ಸಾಮಾನ್ಯರ ಕೈಗೆ ಆಟೋಮ್ಯಾಟಿಕ್ ಎಟುಕಿದ್ದು 2014ರಲ್ಲಿ ಮಾರುತಿಯವರು ಸೆಲೆರಿಯೊ ತಂದಾಗ. ಎ.ಎಂ.ಟಿ. ಎಂಬುದು ಅದರ ಉಪಾಯ. ಅದೇ ಹಳೆಯ ಗೇರ್‌ಬಾಕ್ಸು, ಅದೇ ಕ್ಲಚ್ ಪ್ಲೇಟು. ಒತ್ತುವುದಕ್ಕೂ ಬದಲಾಯಿಸುವುದಕ್ಕೂ ಮಾತ್ರ ಒಂದು ಯಂತ್ರ ಕೂರಿಸಿದರು. ಅಂದರೆ ಎಡಗಾಲನ್ನು ತೆಗೆದು ಅದರ ಜಾಗಕ್ಕೆ ಗುತ್ತಿಗೆ ನೌಕರನನ್ನು ಹಾಕಿಕೊಂಡರು. ಎಣ್ಣೆಯ ಆಟೋಮ್ಯಾಟಿಕ್‌ಗೆ ಲಕ್ಷದ ಮೇಲೆ ಹೆಚ್ಚು ಕೊಡಬೇಕಾದರೆ ಇದಕ್ಕೆ ಅರ್ಧ ಲಕ್ಷದ ಆಸುಪಾಸು ಸಾಕು. ಗುತ್ತಿಗೆಯವನು ಕೆಲಸವನ್ನೇನೋ ಮಾಡುತ್ತಾನೆ, ಆದರೆ ಪ್ರತಿ ಗೇರಿಗೂ ಒಂದು ಕ್ಷಣ ಯೋಚಿಸುತ್ತಾನೆ. ಆಗ ಗಾಡಿಯೊಳಗಿನವರೆಲ್ಲ ಒಟ್ಟಿಗೆ ತಲೆಯಾಡಿಸುತ್ತಾರೆ. ಒಂದು ಇಡೀ ಕುಟುಂಬ ಯಾವ ಮಾತಿಗೆ ಇಷ್ಟು ಒಮ್ಮತದಿಂದ ಹೌದೌದು ಎನ್ನುತ್ತಿದೆ ಎಂದು ಪಕ್ಕದ ಗಾಡಿಯವರಿಗೆ ಅನ್ನಿಸಬೇಕು.

ಆದರೂ ಜನ ಕೊಂಡರು, ಕೊಳ್ಳುತ್ತಲೇ ಇದ್ದಾರೆ. ಕಾರಣ ಆಗುಂಬೆಯಲ್ಲಿಲ್ಲ, ಕೆ.ಆರ್. ಪುರದಲ್ಲಿದೆ. ಟಾಮ್‌ಟಾಮ್ ಸಂಸ್ಥೆಯ ಲೆಕ್ಕದಂತೆ 2022ರಲ್ಲಿ ಬೆಂಗಳೂರಿನ ನಡುಭಾಗದಲ್ಲಿ 10 ಕಿಲೋಮೀಟರ್ ಹೋಗಲು ಸರಾಸರಿ 29 ನಿಮಿಷ 10 ಸೆಕೆಂಡು ಬೇಕಾಗಿತ್ತು. ನಿಧಾನದಲ್ಲಿ ಲಂಡನ್ ಮೊದಲು, ನಾವು ಎರಡನೆಯವರು. ಅಷ್ಟರಲ್ಲಿ ಎಡಗಾಲು ಎಷ್ಟು ಸಲ ಇಳಿದು ಎದ್ದಿತು ಎನ್ನುವ ಲೆಕ್ಕ ಅದರಲ್ಲಿಲ್ಲ. ಬೆನ್ನಿಗಾನಹಳ್ಳಿಯಿಂದ ಟಿನ್ ಫ್ಯಾಕ್ಟರಿ ದಾಟಿ ತೂಗುಸೇತುವೆ ಏರುವವರೆಗೆ ಗಾಡಿ ಓಡುವುದೂ ಇಲ್ಲ, ನಿಲ್ಲುವುದೂ ಇಲ್ಲ. ಹಾಫ್ ಕ್ಲಚ್ಚಿನಲ್ಲಿ ಅರ್ಧ ಮಾರು, ಬ್ರೇಕು, ಮತ್ತೆ ಹಾಫ್ ಕ್ಲಚ್ಚು. ಪೂರ್ತಿ ಒತ್ತದೆ ಪೂರ್ತಿ ಬಿಡದೆ ಹಿಡಿದಷ್ಟು ಹೊತ್ತೂ ಪ್ಲೇಟು ಉಜ್ಜುತ್ತಿರುತ್ತದೆ, ಕಾಯುತ್ತದೆ, ಸುಟ್ಟ ವಾಸನೆ ಬರುತ್ತದೆ. ಆ ವಾಸನೆಗೆ ಎಲ್ಲರೂ ಪಕ್ಕದವರ ಗಾಡಿಯನ್ನು ನೋಡುತ್ತಾರೆ. ಸೇತುವೆಯ ಏರಿನಲ್ಲಿ ಹ್ಯಾಂಡ್ ಬ್ರೇಕ್ ಎಳೆದು ನಿಂತವರ ಹಿಂದೆ ಗೇಣು ಬಿಡದೆ ಒಂದು ಬೈಕು ಬಂದು ನಿಲ್ಲುತ್ತದೆ. ಹಿಂದಕ್ಕೆ ಜಾರಬಹುದಾದ ವಸ್ತು ಜಗತ್ತಿನಲ್ಲಿ ಇದೆ ಎಂಬ ಅನುಮಾನವೇ ಆ ಹುಡುಗನಿಗಿಲ್ಲ.

ಆ ಸುಟ್ಟ ಪ್ಲೇಟುಗಳ ಕೊನೆಯ ನಿಲ್ದಾಣ ಶಿವಾಜಿನಗರ. ಗುಜರಿ ಅಂಗಡಿಗಳ ಮುಂದೆ ಬಿಚ್ಚಿದ ಗೇರ್‌ಬಾಕ್ಸುಗಳು ಹೊಟ್ಟೆ ತೋರಿಸಿಕೊಂಡು ಬಿದ್ದಿರುತ್ತವೆ. ಅಲ್ಲಿನ ಮೆಕ್ಯಾನಿಕ್ ಭಾಯ್ ಒಬ್ಬರು ನನ್ನ ಗಾಡಿಯಿಂದ ತೆಗೆದ ಪ್ಲೇಟನ್ನು ಅಂಗೈ ಮೇಲಿಟ್ಟು ತೋರಿಸಿದರು. ಅಂಚಿನ ಒರಟು ಪದರ ಸವೆದು ರಿವೆಟ್ಟಿನ ತಲೆಗಳು ಹಿತ್ತಾಳೆಯ ಬಣ್ಣದಲ್ಲಿ ಹೊಳೆಯುತ್ತಿದ್ದವು, ನಡುವಿನ ಸ್ಪ್ರಿಂಗುಗಳು ಸಡಿಲಾಗಿ ಗಿಲಕಿಯ ಸದ್ದು ಮಾಡುತ್ತಿದ್ದವು. "ಖತಂ ಮೇಡಂ. ಪ್ಲೇಟು, ಪ್ರೆಷರ್ ಪ್ಲೇಟು, ಬೇರಿಂಗು, ಮೂರೂ ಹಾಕ್ಬೇಕು." ಎಲ್ಲಿಂದ ಎಲ್ಲಿಗೆ ಓಡಿಸುತ್ತೀರಿ ಎಂದು ಕೇಳಿದರು. ಇಂದಿರಾನಗರದಿಂದ ಕೆ.ಆರ್. ಪುರ ಎಂದೆ. "ಹಂಗಾದ್ರೆ ಗಾಡಿದು ತಪ್ಪಿಲ್ಲ ಬಿಡಿ" ಎಂದು ಗಾಡಿಯ ಪರವಾಗಿ ಸಮಾಧಾನ ಹೇಳಿದರು. ಎರಡೂ ಕಾಲಿಗೆ ರಜೆ ಬೇಕೆನ್ನುವವರಿಗೆ 2011ರ ಅಕ್ಟೋಬರ್ 20ರಿಂದ ಬೈಯಪ್ಪನಹಳ್ಳಿ–ಎಂ.ಜಿ. ರಸ್ತೆಯ ಮೆಟ್ರೊ ಇದೆ, 2023ರಿಂದ ಅದು ಕೆ.ಆರ್. ಪುರವನ್ನೂ ದಾಟಿದೆ. ಅದರಲ್ಲಿ ಹೋಗಿ ಎಂದು ಭಾಯ್ ಹೇಳಲಿಲ್ಲ. ಅವರ ಹೊಟ್ಟೆಪಾಡೂ ಇದೆಯಲ್ಲ.

ಹೊಟ್ಟೆಪಾಡು ಎಂದಾಗ ನೆನಪಾಯಿತು. ಗೇರಿನ ಸುಖದ ಬಗ್ಗೆ ಮಾತಾಡುವವರನ್ನು ಗಮನಿಸಿ ನೋಡಿ, ಹೆಚ್ಚಿನವರು ಭಾನುವಾರ ಓಡಿಸುವವರು. ನಾನೂ ಮೇಲೆ ಹೊಗಳಿದ್ದು ಭಾನುವಾರದ ಇಳಿಜಾರನ್ನೇ. ದಿನಕ್ಕೆ ಹನ್ನೆರಡು ಗಂಟೆ ಕ್ಲಚ್ ಒತ್ತುವ ಕ್ಯಾಬಿನವರು ಆ ಸುಖದ ಬಗ್ಗೆ ಒಂದು ಮಾತನ್ನೂ ಆಡಿದ್ದು ನಾನು ಕೇಳಿಲ್ಲ. ಬಸ್ಸಿನವರಿಗೆ ಸ್ವಲ್ಪ ಅದೃಷ್ಟ ಬಂತು. ಹೊಸಕೋಟೆಯಲ್ಲಿ ವೋಲ್ವೊ ಕಾರ್ಖಾನೆ ಇದೆ. 2006ರ ಹೊತ್ತಿಗೆ ಬಿ.ಎಂ.ಟಿ.ಸಿ. ವಜ್ರ ಬಸ್ಸುಗಳನ್ನು ಬೀದಿಗೆ ಬಿಟ್ಟಾಗ ಡ್ರೈವರನ ಪಕ್ಕದ ಆ ಮಾರುದ್ದದ ರಾಡು ಮಾಯವಾಗಿತ್ತು. ಕ್ಯಾಬಿನವರಿಗೆ ಆ ಯೋಗವಿಲ್ಲ. ಹಳದಿ ಬೋರ್ಡಿನ ಗಾಡಿಗಳಲ್ಲಿ ಹೆಚ್ಚಿನವು ಗೇರಿನವೇ. ಕೊಳ್ಳುವಾಗ ಅರ್ಧ ಲಕ್ಷ ಕಡಿಮೆ ಎಂದರೆ ಸಾಲದ ಕಂತಿನಲ್ಲಿ ಅದು ಕಾಣುತ್ತದೆ. ಮೊಣಕಾಲು ನೋವು ಯಾವ ಕಂತಿನಲ್ಲೂ ಕಾಣುವುದಿಲ್ಲ. ಯಾರ ಎಡಗಾಲು ಅತಿ ಹೆಚ್ಚು ದುಡಿಯುತ್ತದೋ ಅವರಿಗೇ ಆಟೋಮ್ಯಾಟಿಕ್ ಇಲ್ಲ, ಮನೆಯಿಂದ ಜಿಮ್ಮಿಗೆ ಹೋಗಿ ಕಾಲು ಗಟ್ಟಿ ಮಾಡಿಕೊಳ್ಳುವವರಿಗೆ ಇದೆ.

ಈ ಮಾತನ್ನು ಮೊನ್ನೆ ಒಬ್ಬ ಆಕ್ಟಿಂಗ್ ಡ್ರೈವರ್ ಹತ್ತಿರ ಹೇಳಿದೆ. ರಾಮಮೂರ್ತಿನಗರದವರು. ಹಗಲು ಕ್ಯಾಬ್ ಓಡಿಸುತ್ತಾರೆ, ಶುಕ್ರವಾರ ಶನಿವಾರ ರಾತ್ರಿ ಇಂದಿರಾನಗರದ ಹನ್ನೆರಡನೇ ಮೇನಿನ ಪಬ್ಬುಗಳ ಮುಂದೆ ನಿಂತು, ಕುಡಿದವರನ್ನು ಅವರವರ ಗಾಡಿಯಲ್ಲೇ ಅವರವರ ಮನೆಗೆ ಮುಟ್ಟಿಸುತ್ತಾರೆ. ಆ ಗಾಡಿಗಳೆಲ್ಲ ಆಟೋಮ್ಯಾಟಿಕ್. "ವಾರದಲ್ಲಿ ಎರಡು ರಾತ್ರಿಯಾದರೂ ಕಾಲಿಗೆ ಆರಾಮಲ್ಲವೇ?" ಎಂದೆ.

"ಆರಾಮೇ ಮೇಡಂ, ಅದೇ ಕಷ್ಟ. ಎಡಗಾಲು ಸುಮ್ನಿದ್ರೆ ನಿದ್ದೆ ಎಳೆಯುತ್ತೆ. ಗೇರ್ ಗಾಡೀಲಿ ನಿದ್ದೆ ಮಾಡಕ್ಕೆ ಟೈಮೇ ಇರಲ್ಲ."

"ಮತ್ತೆ ಏನು ಮಾಡ್ತೀರಿ?"

"ಸುಮ್ನೆ ಕಾಲಾಡಿಸ್ತಾ ಇರ್ತೀನಿ. ಆ ರಬ್ಬರ್ ಮೆಟ್ಟು ಇರುತ್ತಲ್ಲ, ಅದನ್ನೇ ಕ್ಲಚ್ ಅಂದ್ಕೊಂಡು ಒತ್ತೋದು, ಬಿಡೋದು. ಒಬ್ಬರು ಓನರು ಹಿಂದೆ ಕೂತಿದ್ದವರು ಎಚ್ಚರ ಆಗಿ ಕೇಳಿದ್ರು, ಏನಪ್ಪಾ ಇದು ಮುಂದಿಂದ ಟಪ್ ಟಪ್ ಅಂತ ಸೌಂಡು ಅಂತ. ನನ್ನ ಕಾಲು ಅಂತ ಹೇಳಕ್ಕೆ ನಾಚಿಕೆ ಆಯ್ತು, ಗೊತ್ತಿಲ್ಲ ಸಾರ್ ಅಂದೆ. ಸೋಮವಾರ ಸರ್ವೀಸಿಗೆ ಬಿಟ್ರಂತೆ. ಸಸ್ಪೆನ್ಷನ್ ಚೆಕ್ ಮಾಡಿ, ಬುಷ್ ಬದಲಾಯಿಸಿ, ನಾಲ್ಕು ಸಾವಿರ ಬಿಲ್ ಮಾಡಿ, ಸೌಂಡು ಸರಿಹೋಗಿದೆ ಅಂತ ಬರೆದು ಕೊಟ್ಟವ್ರೆ. ಮುಂದಿನ ಶನಿವಾರ ಮತ್ತೆ ನಾನೇ ಸಿಕ್ಕಿದೆ ಅವರಿಗೆ. ಪಾಪ, ಅಷ್ಟು ದುಡ್ಡು ಕೊಟ್ಟವ್ರೆ ಅಂತ ಚಪ್ಪಲಿ ಬಿಚ್ಚಿಟ್ಟು ಓಡಿಸ್ದೆ."